ಹಗ್ಗದ ಹಾದಿಯ ತಿರುವು

ವ್ಯವಸಾಯಗಾರನ ಮನೆಯಲ್ಲಿ ಹಗ್ಗವಿಲ್ಲದೆ ನಡೆಯುವ ದಿನವಿಲ್ಲ. ನೇಗಿಲಿಗೆ, ಬಂಡಿಗೆ, ಬಾವಿಗೆ, ಕೊಟ್ಟಿಗೆಗೆ, ಹುಲ್ಲಿನ ಹೊರೆಗೆ ಅದು ಬೇಕೇ ಬೇಕು. ಹೀಗಿದ್ದರೂ ಹಗ್ಗದ ಗುಣವನ್ನು ವಿಚಾರಿಸಿ ನೋಡುವವರು ವಿರಳ. ಹಗ್ಗವು ಎಳೆಯಬಲ್ಲುದೇ ಹೊರತು ತಳ್ಳಲಾರದು. ಬಿಗಿಯಾಗಿ ಎಳೆದ ಹಗ್ಗವು ತನ್ನ ಎರಡು ಕೊನೆಗಳ ನಡುವೆ ನೆಟ್ಟಗಿರಲು ಯತ್ನಿಸುವುದು. ಅದನ್ನು ನಡುದಾರಿಯಲ್ಲಿ ಬೇರೊಂದು ದಿಕ್ಕಿಗೆ ತಿರುಗಿಸಬೇಕಾದರೆ, ತಿರುವಿನ ಸ್ಥಳದಲ್ಲಿ ಯಾವುದಾದರೊಂದು ಕಂಬವೋ ಗಾಲಿಯೋ ನಿಂತು, ಅದರ ಒತ್ತಡವನ್ನು ಸದಾ ಹೊರುತ್ತಿರಬೇಕು. ಆ ಹೊರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ತಿರುವನ್ನು ಮಾಡಿದವನ ಕೆಲಸವು ಮೊದಲು ಕೆಡುವುದು ಆ ತಿರುವಿನಲ್ಲಿಯೇ.

ಬೇಲಿಯ ಮೂಲೆಗಂಬವು ಒರಗಿ ಸಾಲಿನ ತಂತಿಯೆಲ್ಲ ಸಡಿಲವಾಗುವುದನ್ನೂ, ನೀರಿನ ಕೊಳವೆಯು ನೆಟ್ಟಗಿನ ಭಾಗದಲ್ಲಿ ಭದ್ರವಾಗಿದ್ದು ತಿರುವಿನಲ್ಲಿ ಮಾತ್ರ ಕಳಚಿಕೊಳ್ಳುವುದನ್ನೂ ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯ ಕಡೆಯ ಭೂಮಾಲೀಕರಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ. ಇದಕ್ಕೆ ಕಂಬದ ಕಲ್ಲನ್ನೋ ಕೊಳವೆಯ ವ್ಯಾಪಾರಿಯನ್ನೋ ದೂರುವುದು ವಾಡಿಕೆ. ಬಹಳ ಸಂದರ್ಭಗಳಲ್ಲಿ ನಿಜವಾದ ಕಾರಣವು ತಿರುವಿನ ಲೆಕ್ಕವನ್ನು ಮಾಡದಿರುವುದೇ ಆಗಿರುವುದು. ಈ ಲೆಕ್ಕವನ್ನು ಅತ್ಯಂತ ಎಚ್ಚರದಿಂದ ಮಾಡುವವರು ಮನುಷ್ಯರನ್ನು ಹಗ್ಗಕ್ಕೆ ತೂಗಿಸಿ ಬೆಟ್ಟವನ್ನು ಹತ್ತಿಸುವ ಯಂತ್ರಗಳನ್ನು ಕಟ್ಟುವ ಇಂಜಿನಿಯರುಗಳು. ಆದಕಾರಣ ಅವರ ಉಪಾಯಗಳನ್ನು ಮೊದಲು ತಿಳಿಸಿ, ಅನಂತರ ಹೊಲಗದ್ದೆಗಳಲ್ಲಿ ಅವುಗಳಿಂದ ಆಗತಕ್ಕ ಪ್ರಯೋಜನವನ್ನು ಇಲ್ಲಿ ವಿವರಿಸಲಾಗಿದೆ.

೧. ಕಪಿಲೆಯಿಂದ ಕಲಿಯತಕ್ಕ ಪಾಠ

ಹಗ್ಗದ ತಿರುವಿಗೆ ನಮ್ಮ ಸೀಮೆಯ ಅತ್ಯುತ್ತಮ ನಿದರ್ಶನವು ಕಪಿಲೆ. ವಿದ್ಯುತ್ತಿನ ಪಂಪುಗಳು ಬಂದ ಮೇಲೆ ಅದು ಮರೆಯಾಯಿತಾದರೂ ಅದನ್ನು ಹೊಡೆದ ಹಿರಿಯರ ನೆನಪು ಇನ್ನೂ ಅಳಿದಿಲ್ಲ. ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆಯುವುವು. ಬಾನಿಯು ಬಾವಿಯಿಂದ ನೆಟ್ಟಗೆ ಮೇಲಕ್ಕೆ ಬರುವುದು. ಎಳೆಯುವ ದಿಕ್ಕು ಒಂದು, ನೀರು ಏರುವ ದಿಕ್ಕು ಮತ್ತೊಂದು. ಇವೆರಡನ್ನೂ ಹೊಂದಿಸುವುದು ಬಾವಿಯ ಬಾಯಿಯ ಮೇಲಿನ ರಾಟೆ.

ಈ ಏರ್ಪಾಡಿನಲ್ಲಿ ಹಗ್ಗಗಳು ಎರಡು. ಬಾನಿಯ ಬಾಯಿಗೆ ಕಟ್ಟಿದ ದಪ್ಪ ಮಿಣಿಯು ಮೇಲಿನ ರಾಟೆಯನ್ನು ಹಾದು ಬರುವುದು. ಬಾನಿಯ ಬಾಲಕ್ಕೆ ಕಟ್ಟಿದ ತೆಳುಹಗ್ಗವು ಬಾವಿಯ ಅಂಚಿನ ಕೆಳಗಿನ ಉರುಳೆಯನ್ನು ಹಾದು ಬರುವುದು. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದ್ದರೂ ತಿರುಗುವ ಎತ್ತರವು ಬೇರೆಬೇರೆಯಾದುದರಿಂದ, ಬಾನಿಯ ಬಾಯಿ ರಾಟೆಯ ಕಡೆಗೆ ಏರಿದಾಗ ಬಾಲವು ಉರುಳೆಯ ಮೇಲೆ ಹೊರಕ್ಕೆ ಎಳೆಯಲ್ಪಟ್ಟು, ನೀರು ತಾನಾಗಿಯೇ ತೊಟ್ಟಿಗೆ ಸುರಿಯುವುದು. ಯಾರೂ ಕೈಯಿಂದ ಬಗ್ಗಿಸಬೇಕಾದುದಿಲ್ಲ. ಹಗ್ಗವನ್ನು ಎಲ್ಲಿ ತಿರುಗಿಸಬೇಕೆಂಬುದನ್ನು ಅರಿತವನು ಒಬ್ಬ ಆಳಿನ ಕೆಲಸವನ್ನು ಉಳಿಸಿದನೆಂಬುದು ಇದರಿಂದ ಸ್ಪಷ್ಟವಾಗುವುದು.

ಇನ್ನೊಂದು ಸಂಗತಿಯನ್ನೂ ಗಮನಿಸತಕ್ಕದ್ದು. ರಾಟೆಯನ್ನು ಹೊತ್ತ ಕಂಬಗಳು ಸಡಿಲವಾದರೆ ಅವು ಬಾವಿಯೊಳಕ್ಕೆ ನೆಟ್ಟಗೆ ಕುಸಿಯುವುದಿಲ್ಲ. ಎತ್ತುಗಳು ನಡೆಯುವ ಕಡೆಗೆ ವಾಲುವುವು. ಬಾನಿಯು ಕೆಳಕ್ಕೆ ಎಳೆಯುತ್ತಿರುವಾಗ ಕಂಬವೇಕೆ ಪಕ್ಕಕ್ಕೆ ವಾಲಬೇಕು? ಉತ್ತರವು ಎಲ್ಲರೂ ಬಲ್ಲ ಗಾದೆಯಲ್ಲಿಯೇ ಅಡಗಿದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತೆಂದು ಹೇಳುವರಷ್ಟೆ. ಹಾಗೆ ಎಳೆದಾಗ ಬಂಡಿಯು ಏರಿಗೂ ಹೋಗದು, ನೀರಿಗೂ ಹೋಗದು. ಎರಡರ ನಡುವಣ ದಿಕ್ಕಿನಲ್ಲಿ ಸರಿಯುವುದು. ರಾಟೆಯ ಮೇಲೂ ಇದೇ ರೀತಿ ಎರಡು ಎಳೆತಗಳು ಸೇರುವುವು. ಒಂದು ಬಾವಿಯ ಕಡೆಗೆ, ಮತ್ತೊಂದು ಎತ್ತುಗಳ ಕಡೆಗೆ. ಎರಡರ ನಡುವಣ ಓರೆದಿಕ್ಕಿನಲ್ಲಿ ಕಂಬಕ್ಕೆ ಹೊರೆ ಬೀಳುವುದು. ಆ ದಿಕ್ಕಿಗೆ ಆಸರೆ ಕೊಟ್ಟ ಕಂಬವು ನಿಲ್ಲುವುದು, ಕೊಡದ ಕಂಬವು ವಾಲುವುದು.

೨. ತಿರುವಿನ ಹೊರೆಯ ಲೆಕ್ಕ

ಹಗ್ಗವು ನೆಟ್ಟಗಿನ ದಾರಿಯಿಂದ ಎಷ್ಟು ಹೆಚ್ಚಾಗಿ ತಿರುಗುವುದೋ ತಿರುವಿನ ಮೇಲೆ ಬೀಳುವ ಹೊರೆಯೂ ಅಷ್ಟು ಹೆಚ್ಚುವುದು. ಹಗ್ಗದ ಎಳೆತವನ್ನು ೧೦೦ ಎಂದು ಇಟ್ಟುಕೊಂಡರೆ ಲೆಕ್ಕವು ಕೆಳಗೆ ಕಂಡಂತೆ ಬರುವುದು.

೧೦ ಡಿಗ್ರಿ ತಿರುಗಿದರೆ ಹೊರೆ ಸುಮಾರು ೧೭.
೩೦ ಡಿಗ್ರಿ ತಿರುಗಿದರೆ ಸುಮಾರು ೫೨.
೪೫ ಡಿಗ್ರಿ ತಿರುಗಿದರೆ ಸುಮಾರು ೭೭.
೬೦ ಡಿಗ್ರಿ ತಿರುಗಿದರೆ ೧೦೦, ಎಂದರೆ ಹಗ್ಗದ ಎಳೆತದಷ್ಟೇ.
೯೦ ಡಿಗ್ರಿ, ಎಂದರೆ ಸರಿಯಾದ ಮೂಲೆಯಂತೆ ತಿರುಗಿದರೆ ಸುಮಾರು ೧೪೧.
೧೮೦ ಡಿಗ್ರಿ, ಎಂದರೆ ಬಂದ ದಾರಿಗೇ ಹಿಂದಿರುಗಿದರೆ ೨೦೦.

ಉದಾಹರಣೆಗೆ, ನೀರು ತುಂಬಿದ ಬಾನಿಯ ತೂಕ ೧೦೦ ಕಿಲೋ ಎಂದಿರಲಿ. ಹಗ್ಗವು ಬಾವಿಯಿಂದ ನೆಟ್ಟಗೆ ಏರಿ ರಾಟೆಯ ಮೇಲೆ ತಿರುಗಿ ಮಟ್ಟವಾಗಿ ಹೋದರೆ ರಾಟೆಯ ಅಚ್ಚು ಹೊರುವುದು ೧೦೦ ಕಿಲೋ ಅಲ್ಲ, ೧೪೧ ಕಿಲೋ. ಹಗ್ಗವು ಇಳಿಜಾರಿಗೆ ಅನುಸಾರವಾಗಿ ಇನ್ನೂ ಕೆಳಕ್ಕೆ ಬಾಗಿದರೆ ಹೊರೆಯು ೧೫೦ ಕಿಲೋ ಸಮೀಪಿಸುವುದು. ಬಾನಿಯ ತೂಕವನ್ನು ಮಾತ್ರ ನೋಡಿ ಅಚ್ಚನ್ನು ಮಾಡಿಸಿದವನು ಮೋಸಹೋಗುವನು.

ಈ ಲೆಕ್ಕದಿಂದ ಎರಡು ವಿಷಯಗಳು ತಿಳಿದುಬರುವುವು. ಮೊದಲನೆಯದು, ತಿರುವಿನ ಹೊರೆಯು ಹಗ್ಗ ಬಾಗಿದ ಒಳಮಗ್ಗುಲಿನ ಕಡೆಗೆ ಬೀಳುವುದು. ಎರಡನೆಯದು, ಒಂದು ದೊಡ್ಡ ತಿರುವನ್ನು ಹಲವು ಸಣ್ಣ ತಿರುವುಗಳಾಗಿ ಹಂಚಿದರೆ ಪ್ರತಿಯೊಂದು ಕಂಬದ ಪಾಲೂ ಕಡಮೆಯಾಗುವುದು. ೯೦ ಡಿಗ್ರಿಯ ಒಂದೇ ಮೂಲೆಯಲ್ಲಿ ೧೪೧ ಬೀಳುವ ಹೊರೆಯು ೪೫ ಡಿಗ್ರಿಯ ಎರಡು ತಿರುವುಗಳಲ್ಲಿ ಒಂದೊಂದಕ್ಕೆ ೭೭ ಆಗುವುದು. ೩೦ ಡಿಗ್ರಿಯ ಮೂರು ತಿರುವುಗಳಲ್ಲಿ ಒಂದೊಂದಕ್ಕೆ ೫೨ ಆಗುವುದು.

೩. ಹಿಮದ ನಾಡುಗಳ ಎತ್ತುಹಗ್ಗ

ಯೂರೋಪು, ಅಮೆರಿಕಾ ಮೊದಲಾದ ಖಂಡಗಳ ತಂಪು ನಾಡುಗಳಲ್ಲಿ ಚಳಿಗಾಲದಲ್ಲಿ ಬೆಟ್ಟಗಳು ಹಿಮದಿಂದ ಮುಚ್ಚಿರುವುವು. ಅಲ್ಲಿಯ ಜನರು ಕಾಲಿಗೆ ಸ್ಕೀ ಎಂಬ ಉದ್ದ ಹಲಗೆಗಳನ್ನು ಕಟ್ಟಿಕೊಂಡು ಇಳಿಜಾರಿನಲ್ಲಿ ಜಾರುವುದನ್ನು ವಿನೋದವಾಗಿ ಬೆಳೆಸಿಕೊಂಡಿದ್ದಾರೆ. ಇಳಿಯುವುದು ಸುಲಭ, ಮತ್ತೆ ಏರುವುದು ಕಷ್ಟ. ಹೀಗೆ ಏರಿಸುವ ಸಲುವಾಗಿ ಹುಟ್ಟಿದ ಯಂತ್ರಕ್ಕೆ ಸ್ಕೀ ಲಿಫ್ಟ್ ಎಂದು ಹೆಸರು.

ಈ ಯಂತ್ರದ ಮೂಲವು ಗ್ರಾಮಜೀವನದಲ್ಲಿಯೇ ಇರುವುದೆಂಬುದು ನಮ್ಮ ವಾಚಕರಿಗೆ ಸಂತೋಷವನ್ನುಂಟುಮಾಡುವ ವಿಷಯ. ಜರ್ಮನಿಯ ಕಪ್ಪು ಅರಣ್ಯವೆಂಬ ಗುಡ್ಡಗಾಡಿನಲ್ಲಿ, ಶೊಲ್ಲಾಖ್ ಎಂಬ ಹಳ್ಳಿಯಲ್ಲಿ, ರಾಬರ್ಟ್ ವಿಂಟರ್‌ಹಾಲ್ಡರ್ ಎಂಬ ಛತ್ರದ ಯಜಮಾನನು ೧೯೦೮ರಲ್ಲಿ ತನ್ನ ನೀರಿನ ಗಿರಣಿಯ ಶಕ್ತಿಯಿಂದಲೇ ಹಗ್ಗವನ್ನು ನಡೆಯಿಸಿ ಅತಿಥಿಗಳನ್ನು ಗುಡ್ಡಕ್ಕೆ ಏರಿಸಿದನು. ಕುರ್ಚಿಯಲ್ಲಿ ಕುಳಿತು ಏರುವ ಮೊದಲ ಸ್ಕೀ ಲಿಫ್ಟು ಅಮೆರಿಕಾದ ಐಡಹೋ ಪ್ರಾಂತದ ಸನ್ ವ್ಯಾಲಿಯಲ್ಲಿ ೧೯೩೬ರಲ್ಲಿ ಸಿದ್ಧವಾಯಿತು. ಅದನ್ನು ಯೋಚಿಸಿದ ಜೇಮ್ಸ್ ಕರನ್ ಎಂಬ ರೈಲ್ವೆ ಇಂಜಿನಿಯರು, ಬಾಳೆಯ ಗೊನೆಗಳನ್ನು ಕೊಕ್ಕೆಗೆ ತೂಗಿಸಿ ಹಡಗಿಗೆ ಸಾಗಿಸುವ ಯಂತ್ರವನ್ನು ಬಲ್ಲವನಾಗಿದ್ದನು. ಗೊನೆಯ ಕೊಕ್ಕೆಯ ಸ್ಥಳದಲ್ಲಿ ಕುರ್ಚಿಯನ್ನು ತೂಗಿಸಿದರೆ ಆಗಲಾರದೇಕೆಂದು ಅವನು ಯೋಚಿಸಿದನು. ಬಾಳೆಯ ತೋಟದ ಸರಕಿಗಾಗಿ ಹುಟ್ಟಿದ ಉಪಾಯವು ಹೀಗೆ ಹಿಮದ ಬೆಟ್ಟವನ್ನು ಏರಿತು.

ಸಾಮಾನ್ಯವಾದ ಕುರ್ಚಿಯ ಲಿಫ್ಟಿನಲ್ಲಿ ಉಕ್ಕಿನ ಹಗ್ಗವೊಂದು ಕೆಳನಿಲ್ದಾಣದ ದೊಡ್ಡ ಗಾಲಿಯನ್ನೂ ಮೇಲುನಿಲ್ದಾಣದ ದೊಡ್ಡ ಗಾಲಿಯನ್ನೂ ಬಳಸಿ ಬಳೆಯಂತೆ ಕೊನೆಯಿಲ್ಲದೆ ಸುತ್ತುತ್ತಿರುವುದು. ಒಂದು ಸಾಲು ಏರುವುದು, ಮತ್ತೊಂದು ಸಾಲು ಇಳಿಯುವುದು. ನಡುವೆ ಕಂಬಗಳ ಮೇಲಿನ ಸಣ್ಣ ಗಾಲಿಗಳು ಹಗ್ಗವನ್ನು ಹೊರುವುವು. ಕುರ್ಚಿಗಳು ಹಿಡಿಕೆಗಳಿಂದ ಹಗ್ಗವನ್ನು ಕಚ್ಚಿಕೊಂಡು ತೂಗುವುವು.

ಇಂಥ ಲಿಫ್ಟುಗಳಲ್ಲಿ ಬಹುಪಾಲು ನೆಟ್ಟಗೆ ಹೋಗುವುದಕ್ಕೆ ಕಾರಣವಿದೆ. ಹಗ್ಗವು ಬಳೆಯಾಗಿ ಸುತ್ತುವಾಗ ಕೊನೆಯ ದೊಡ್ಡ ಗಾಲಿಗಳು ಬಳೆಯ ಒಳಗಿರುವುವು. ಹಿಡಿಕೆಯೂ ಕುರ್ಚಿಯ ತೋಳೂ ಗಾಲಿಗೆ ತಗಲದಂತೆ ಹೊರಮಗ್ಗುಲಿನಲ್ಲಿರಬೇಕು. ಈಗ ದಾರಿಯು ನಡುವೆ ಎಡಕ್ಕೆ ತಿರುಗಬೇಕೆಂದು ಇಟ್ಟುಕೊಳ್ಳಿರಿ. ಬೆಟ್ಟದ ಕಡೆ ಮುಖಮಾಡಿ ನಿಂತವನಿಗೆ ಏರುವ ಸಾಲು ಬಲಗಡೆ, ಇಳಿಯುವ ಸಾಲು ಎಡಗಡೆ ಇರಲಿ. ಎರಡು ಸಾಲುಗಳನ್ನೂ ತಿರುಗಿಸುವ ಗಾಲಿಗಳು ತಿರುವಿನ ಒಳಗೆ, ಎಂದರೆ ಆಯಾ ಸಾಲಿನ ಎಡಕ್ಕೆ, ಇರಬೇಕಷ್ಟೆ. ಏರುವ ಸಾಲಿನ ಕುರ್ಚಿಗಳ ಹಿಡಿಕೆ ಬಲಮಗ್ಗುಲಿನಲ್ಲಿರುವುದರಿಂದ ಅವು ಸುಖವಾಗಿ ದಾಟುವುವು. ಇಳಿಯುವ ಸಾಲಿನ ಹಿಡಿಕೆಗಳಾದರೋ ಎಡಮಗ್ಗುಲಿನಲ್ಲಿಯೇ ಇರುವುದರಿಂದ ಗಾಲಿಗೆ ನೇರವಾಗಿ ಬಂದು ತಗಲುವುವು. ಒಂದು ಸಾಲಿಗೆ ಅನುಕೂಲವಾದ ತಿರುವು ಮತ್ತೊಂದು ಸಾಲಿಗೆ ಅಡ್ಡಿಯಾಗುವುದು. ಈ ತೊಡಕನ್ನು ಬಿಡಿಸುವುದೇ ತಿರುವಿನ ಮುಖ್ಯ ಸಮಸ್ಯೆ.

೪. ತಿರುಗಿಸುವ ಉಪಾಯಗಳು

ಈ ಸಮಸ್ಯೆಗೆ ಇಂಜಿನಿಯರುಗಳು ಕಂಡುಕೊಂಡ ಉಪಾಯಗಳನ್ನು ಮೂರಾಗಿ ವಿಂಗಡಿಸಬಹುದು.

ಮೊದಲನೆಯ ಉಪಾಯ: ತಿರುವು ಕೆಲವೇ ಡಿಗ್ರಿಗಳಷ್ಟಿದ್ದರೆ ಕಂಬದ ಮೇಲಿನ ಸಣ್ಣ ಗಾಲಿಗಳ ಸಾಲನ್ನು ಸ್ವಲ್ಪ ಓರೆಯಾಗಿ ಕೂಡಿಸುವುದು. ಹಗ್ಗವು ಗಾಲಿಗಳ ಮೇಲೆಯೇ ಹಾದುಹೋಗುತ್ತ, ಒಂದೊಂದು ಗಾಲಿಯಲ್ಲಿ ಸ್ವಲ್ಪಸ್ವಲ್ಪ ಬಾಗಿ, ಅರಿವಾಗದಂತೆ ದಿಕ್ಕನ್ನು ಬದಲಿಸುವುದು. ಹಲವು ಗಾಲಿಗಳು ಹೊರೆಯನ್ನು ಹಂಚಿಕೊಳ್ಳುವುದರಿಂದ ಯಾವುದೊಂದಕ್ಕೂ ಅತಿಭಾರವಾಗದು. ಆದರೆ ಇದನ್ನು ಹೆಚ್ಚಿಗೆ ಎಳೆಯಲಾಗದು. ತಿರುವು ಹೆಚ್ಚಿದರೆ ಹಗ್ಗವು ಒಳಮಗ್ಗುಲಿಗೆ ಜಿಗಿದು ಗಾಲಿಯಿಂದ ಕೆಳಗೆ ಬೀಳುವ ಭಯವಿರುವುದು. ಈ ಅಪಾಯಕ್ಕಾಗಿ ಹಗ್ಗವು ಜಾರಿದರೆ ಹಿಡಿದುಕೊಳ್ಳುವ ಕೊಕ್ಕೆಗಳನ್ನೂ, ಕೂಡಲೆ ಯಂತ್ರವನ್ನು ನಿಲ್ಲಿಸುವ ವಿದ್ಯುತ್ ಕೀಲಿಗಳನ್ನೂ ಕಂಬಗಳಲ್ಲಿ ಇಡುವರು.

ಎರಡನೆಯ ಉಪಾಯ: ನಡುದಾರಿಯಲ್ಲಿ ತಿರುವು ನಿಲ್ದಾಣವನ್ನು ಕಟ್ಟಿ, ಅಲ್ಲಿ ಕುರ್ಚಿಯನ್ನೂ ಹಗ್ಗವನ್ನೂ ಬೇರ್ಪಡಿಸುವುದು. ದೊಡ್ಡ ತಿರುವುಗಳಿಗೆ ಇದೇ ಯೋಗ್ಯವಾದುದು. ಈ ಬಗೆಯ ಲಿಫ್ಟಿನಲ್ಲಿ ಕುರ್ಚಿಯ ಹಿಡಿಕೆಯು ಬಿಗಿಯಾದ ಸ್ಪ್ರಿಂಗಿನ ಬಲದಿಂದ ಹಗ್ಗವನ್ನು ಕಚ್ಚಿರುವುದು. ನಿಲ್ದಾಣದ ಬಾಯಿಗೆ ಬಂದಾಗ ಒಂದು ಓರೆಪಟ್ಟಿಯು ಹಿಡಿಕೆಯ ಬಾಯನ್ನು ತೆರೆಯಿಸುವುದು. ಕೂಡಲೆ ಕುರ್ಚಿಯು ಹಗ್ಗವನ್ನು ಬಿಟ್ಟು ಮೇಲಿನ ಕಂಬಿಯ ಮೇಲೆ ತನ್ನ ಸ್ವಂತ ಗಾಲಿಯಿಂದ ಓಡುವುದು. ಸಾಲಾಗಿ ತಿರುಗುತ್ತಿರುವ ರಬ್ಬರಿನ ಚಕ್ರಗಳು ಅದನ್ನು ಮೆಲ್ಲಗೆ ಮುಂದಕ್ಕೆ ದೂಡುವುವು. ಹೊರಗಡೆ ಸೆಕೆಂಡಿಗೆ ಸುಮಾರು ೫ ಮೀಟರು ವೇಗದಲ್ಲಿ ಬರುವ ಕುರ್ಚಿಯು ಇಲ್ಲಿ ಮನುಷ್ಯನ ನಡಿಗೆಯ ವೇಗಕ್ಕೆ ಇಳಿಯುವುದು. ಕಂಬಿಯು ಬೇಕಾದಂತೆ ಬಾಗಿರುವುದು. ಕುರ್ಚಿಯು ಅದನ್ನು ಅನುಸರಿಸಿ ಹೊಸ ದಿಕ್ಕಿಗೆ ತಿರುಗುವುದು. ಅದೇ ಹೊತ್ತಿನಲ್ಲಿ ಹಗ್ಗವು ಕುರ್ಚಿಯಿಲ್ಲದೆ ಬರಿದಾಗಿ ದೊಡ್ಡ ಗಾಲಿಗಳನ್ನು ಬಳಸಿ ತನ್ನ ದಾರಿಯಲ್ಲಿ ತಿರುಗುವುದು. ಬರಿಯ ಹಗ್ಗಕ್ಕೆ ಯಾವ ಮಗ್ಗುಲಿನ ಗಾಲಿಯೂ ಅಡ್ಡಿಯಲ್ಲ. ಹೊಸ ದಿಕ್ಕಿನಲ್ಲಿ ಎರಡೂ ಸಂಧಿಸುವುವು. ಕುರ್ಚಿಯ ವೇಗವು ಹಗ್ಗದ ವೇಗಕ್ಕೆ ಸಮವಾದ ಮೇಲೆ ಹಿಡಿಕೆಯು ಮತ್ತೆ ಕಚ್ಚಿಕೊಳ್ಳುವುದು. ಕುಳಿತವನು ಏಳಬೇಕಾದುದೇ ಇಲ್ಲ.

ಮೂರನೆಯ ಉಪಾಯ: ದಾರಿಯನ್ನೇ ಎರಡು ತುಂಡು ಮಾಡಿ ಒಂದೊಂದಕ್ಕೂ ಬೇರೆ ಹಗ್ಗವನ್ನೂ ಬೇರೆ ಯಂತ್ರವನ್ನೂ ಇಡುವುದು. ನಡುನಿಲ್ದಾಣದಲ್ಲಿ ಕುರ್ಚಿಯೋ ತೊಟ್ಟಿಲೋ ಒಂದು ಹಗ್ಗದಿಂದ ಇನ್ನೊಂದಕ್ಕೆ ದಾಟುವುದು. ಇಲ್ಲವೆ ಜನರೇ ಇಳಿದು ಮತ್ತೊಂದನ್ನು ಹತ್ತುವರು. ವೆಚ್ಚ ಹೆಚ್ಚು, ಆದರೆ ಒಂದು ಭಾಗ ಕೆಟ್ಟರೂ ಇನ್ನೊಂದನ್ನು ನಡೆಯಿಸಬಹುದು. ಕಾಶ್ಮೀರದ ಗುಲ್‌ಮಾರ್ಗಿನಲ್ಲಿ ಹೀಗೆ ಎರಡು ಭಾಗಗಳಿವೆ. ಗುಲ್‌ಮಾರ್ಗಿನಿಂದ ಕೊಂಗ್‌ಡೂರಿಯವರೆಗಿನ ಮೊದಲ ಭಾಗವು ೧೯೯೮ರಲ್ಲಿಯೂ, ಅಲ್ಲಿಂದ ಅಫರ್‌ವಾಟ್ ಶಿಖರದ ಕಡೆಗಿನ ಎರಡನೆಯ ಭಾಗವು ೨೦೦೫ರಲ್ಲಿಯೂ ಪ್ರಾರಂಭವಾದುವು.

ಈ ಎಲ್ಲ ಉಪಾಯಗಳಲ್ಲಿಯೂ ಗಾಲಿಯ ಗಾತ್ರವನ್ನು ಕುರಿತು ಒಂದು ನಿಯಮವುಂಟು. ಉಕ್ಕಿನ ಹಗ್ಗವು ನೂರಾರು ತಂತಿಗಳಿಂದಾದುದು. ಸಣ್ಣ ಗಾಲಿಯ ಮೇಲೆ ದೊಡ್ಡ ತಿರುವನ್ನು ಮಾಡಿಸಿದರೆ ಒಳಗಣ ತಂತಿಗಳು ಬಾಗಿಬಾಗಿ ದಣಿದು ಕಡಿದುಹೋಗುವುವು. ಆದುದರಿಂದ ಕೊನೆಯ ದೊಡ್ಡ ಗಾಲಿಯ ಅಡ್ಡಳತೆಯು ಸಾಮಾನ್ಯವಾಗಿ ಹಗ್ಗದ ದಪ್ಪದ ೭೦ರಿಂದ ೮೦ ಪಾಲಿಗೆ ಕಡಮೆಯಿಲ್ಲದಂತೆ ಇಡುವರು. ೪೦ ಮಿಲಿಮೀಟರು ದಪ್ಪದ ಹಗ್ಗಕ್ಕೆ ೮೦ ಪಾಲೆಂದರೆ ಗಾಲಿಯು ೩.೨ ಮೀಟರು, ಸುಮಾರು ಹತ್ತೂವರೆ ಅಡಿ. ಸಣ್ಣ ರಾಟೆಯು ಮಿಣಿಯನ್ನು ಬೇಗ ತಿನ್ನುವುದೆಂದು ಕಪಿಲೆಯವರು ಅನುಭವದಿಂದ ಅರಿತಿದ್ದುದು ಇದೇ ಸತ್ಯ.

೫. ನಮ್ಮ ನಾಡಿನ ಹಗ್ಗದ ದಾರಿಗಳು

ಕನ್ನಡ ನಾಡಿನಲ್ಲಿ ಹಿಮವಿಲ್ಲ; ಸ್ಕೀ ಲಿಫ್ಟೂ ಇಲ್ಲ. ಆದರೆ ಉಕ್ಕಿನ ಹಗ್ಗದ ತಿರುವುಗಳು ನಮಗೆ ಹೊಸತಲ್ಲ. ಕೋಲಾರದ ಚಿನ್ನದ ಗಣಿಗಳ ಮೇಲೆ ನಿಂತ ಎತ್ತರವಾದ ಉಕ್ಕಿನ ಗೋಪುರಗಳನ್ನು ನೋಡಿದವರು ಹಲವರು. ಗಣಿಯ ಬಾಯಿಂದ ದೂರದಲ್ಲಿದ್ದ ಯಂತ್ರದ ಮನೆಯಿಂದ ಹಗ್ಗವು ಓರೆಯಾಗಿ ಗೋಪುರದ ತುದಿಗೆ ಏರಿ, ಅಲ್ಲಿಯ ದೊಡ್ಡ ಗಾಲಿಯ ಮೇಲೆ ತಿರುಗಿ, ನೆಟ್ಟಗೆ ಪಾತಾಳಕ್ಕೆ ಇಳಿಯುತ್ತಿತ್ತು. ಆ ಗಣಿಗಳ ಆಳವು ಮೂರು ಕಿಲೋಮೀಟರುಗಳನ್ನೂ ಮೀರಿತ್ತು. ಗಣಿಯ ಗೋಪುರಕ್ಕೆ ಯಂತ್ರದ ಮನೆಯ ಕಡೆಗೆ ಮಾತ್ರ ಓರೆಯಾದ ಬಲವಾದ ಕಾಲುಗಳನ್ನು ಕೊಡುವುದು ವಾಡಿಕೆ. ಅದು ಅಲಂಕಾರಕ್ಕಲ್ಲ. ಎರಡು ಎಳೆತಗಳ ನಡುವಣ ದಿಕ್ಕಿನಲ್ಲಿ ಬೀಳುವ ಹೊರೆಯನ್ನು ಆ ಕಾಲುಗಳೇ ನೆಲಕ್ಕೆ ಒಪ್ಪಿಸುವುವು. ಕಪಿಲೆಯ ಕಂಬಕ್ಕೆ ಎತ್ತುಗಳ ಕಡೆಯಿಂದ ಕೊಡುವ ಆಸರೆಗೂ ಇದಕ್ಕೂ ತತ್ತ್ವವು ಒಂದೇ. ಕೋಲಾರದ ಗಣಿಗಳು ೨೦೦೧ರ ಫೆಬ್ರವರಿ ತಿಂಗಳ ಕೊನೆಯಲ್ಲಿ ಮುಚ್ಚಿದುವು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಕೆಲಸವನ್ನು ಪ್ರಾರಂಭಿಸಿತು. ಅದಕ್ಕೆ ಬೇಕಾದ ಅದಿರನ್ನು ಬಾಬಾಬುಡನ್ ಬೆಟ್ಟಗಳ ಕೆಮ್ಮಣ್ಣುಗುಂಡಿಯಿಂದ ತಣಿಗೆಬೈಲಿಗೆ ಹಗ್ಗದ ದಾರಿಯಿಂದ ಇಳಿಸಿ, ಅಲ್ಲಿಂದ ಸಣ್ಣ ರೈಲಿನಲ್ಲಿ ಸಾಗಿಸುತ್ತಿದ್ದರು. ಅದಿರಿನ ಹಗ್ಗದ ದಾರಿಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಬಗೆಯಲ್ಲಿ, ತೊಟ್ಟಿಗಳು ಉರುಳುವ ನಿಂತ ಹಗ್ಗವು ಬೇರೆ, ಅವುಗಳನ್ನು ಎಳೆಯುವ ಚಲಿಸುವ ಹಗ್ಗವು ಬೇರೆ. ಇಂಥ ದಾರಿಯು ದಿಕ್ಕನ್ನು ಬದಲಿಸಬೇಕಾದಲ್ಲಿ ನಿಂತ ಹಗ್ಗವನ್ನು ಅಲ್ಲಿಯೇ ಮುಗಿಸಿ, ಕೊನೆಯನ್ನು ನೆಲಕ್ಕೆ ಬಲವಾಗಿ ಬಿಗಿದು, ಹೊಸ ದಿಕ್ಕಿಗೆ ಹೊಸ ಹಗ್ಗವನ್ನು ಪ್ರಾರಂಭಿಸುವರು. ನಡುವೆ ಬಾಗಿದ ಕಂಬಿಯ ಮೇಲೆ ತೊಟ್ಟಿಯು ಉರುಳಿ ದಾಟುವುದು.

ಜನರನ್ನು ಸಾಗಿಸುವ ತಿರುವು ನಿಲ್ದಾಣಕ್ಕೆ ಈಚಿನ ಒಳ್ಳೆಯ ಉದಾಹರಣೆಯು ಹಾಂಗ್‌ಕಾಂಗಿನ ನ್ಗೊಂಗ್ ಪಿಂಗ್ ಹಗ್ಗದ ದಾರಿ. ೨೦೦೬ರಲ್ಲಿ ಪ್ರಾರಂಭವಾದ ಈ ದಾರಿಯ ಉದ್ದ ೫.೭ ಕಿಲೋಮೀಟರು. ವಿಮಾನ ನಿಲ್ದಾಣದ ದ್ವೀಪದಲ್ಲಿ ಒಂದು, ಬೆಟ್ಟದ ಮೇಲೆ ಒಂದು, ಹೀಗೆ ಎರಡು ತಿರುವು ನಿಲ್ದಾಣಗಳು ಅದಕ್ಕಿವೆ. ದ್ವೀಪದ ನಿಲ್ದಾಣದಲ್ಲಿ ದಾರಿಯು ಸುಮಾರು ೬೦ ಡಿಗ್ರಿ ತಿರುಗುವುದು. ಮೇಲೆ ಕಾಣಿಸಿದ ಲೆಕ್ಕದಂತೆ, ಇಷ್ಟು ತಿರುವಿನಲ್ಲಿ ಹಗ್ಗದ ಪೂರ್ಣ ಎಳೆತದಷ್ಟೇ ಹೊರೆಯು ಒಳಮಗ್ಗುಲಿಗೆ ಬೀಳುವುದು. ಹಗ್ಗದ ಎಳೆತವು ೨೦ ಟನ್ನೆಂದು ಇಟ್ಟುಕೊಂಡರೆ ಪ್ರತಿಯೊಂದು ಸಾಲಿನಿಂದಲೂ ೨೦ ಟನ್ನು ಹೊರೆಯನ್ನು ಆ ನಿಲ್ದಾಣದ ಅಡಿಪಾಯವು ಹಗಲಿರುಳೂ ಪಕ್ಕಕ್ಕೆ ಸರಿಯದೆ ಹೊರಬೇಕು. ತಿರುವು ನಿಲ್ದಾಣಗಳು ದೊಡ್ಡ ಕಟ್ಟಡಗಳಾಗಿರುವುದಕ್ಕೆ ಇದೊಂದು ಮುಖ್ಯ ಕಾರಣ.

೬. ತಿರುವೋ, ನೇರ ದಾರಿಯೋ?

ಇಷ್ಟು ಶ್ರಮವೂ ಹಣವೂ ತಗಲುವುದಾದರೆ ನೆಟ್ಟಗೆ ಹೋಗದೆ ತಿರುಗುವುದೇಕೆ ಎಂದು ಯಾರಾದರೂ ಕೇಳಬಹುದು. ಕೆಲವೆಡೆ ಅಡ್ಡವಾಗಿ ಕಡಿದಾದ ಬಂಡೆಯೋ, ಹಿಮ ಕುಸಿಯುವ ಕಣಿವೆಯೋ ಇರುವುದು. ಕೆಲವೆಡೆ ಕೆಳಗೆ ಮನೆಗಳಿರುವುವು. ಕೆಲವೆಡೆ ನಡುವಣ ಭೂಮಿಯು ಬೇರೊಬ್ಬನದಾಗಿದ್ದು, ಅವನು ಒಪ್ಪದಿರುವನು. ಆದುದರಿಂದ ದಾರಿಯನ್ನು ಗೊತ್ತುಮಾಡುವವರು ಮೊದಲು ನೇರ ದಾರಿಯನ್ನೇ ಅಳೆದು, ಅದು ಸಾಧ್ಯವಾಗದಿದ್ದಲ್ಲಿ ಮಾತ್ರ ತಿರುವಿನ ವೆಚ್ಚವನ್ನು ಒಪ್ಪಿಕೊಳ್ಳುವರು. ಹಾಗೆ ಒಪ್ಪಿಕೊಂಡ ಮೇಲೆ ತಿರುವಿನ ಸ್ಥಳವನ್ನೇ ಮೊದಲು ಭದ್ರಪಡಿಸಿ, ಅನಂತರ ಉಳಿದ ಸಾಲನ್ನು ಎಳೆಯುವರು.

ಇದು ಗ್ರಾಮದ ಮುಖಂಡರು ವಿಶೇಷವಾಗಿ ಆಲೋಚಿಸತಕ್ಕ ವಿಷಯ. ಹರಿಯಬ್ಬೆಯಂಥ ಕಡಮೆ ಮಳೆಯ ಪ್ರದೇಶದಲ್ಲಿ ನೀರು ಒಂದು ಕಡೆ, ತೋಟ ಮತ್ತೊಂದು ಕಡೆ ಇರುವುದುಂಟು. ಕೊಳವೆಬಾವಿಯಿಂದ ತೋಟದವರೆಗೆ ನೆಟ್ಟಗೆ ಕೊಳವೆಯನ್ನು ಹೂಳಲು ನೆರೆಯವನು ಒಪ್ಪದಿದ್ದರೆ, ಬದುವಿನಿಂದ ಬದುವಿಗೆ ಸುತ್ತಿ ನಾಲ್ಕೈದು ಮೂಲೆಗಳನ್ನು ತಿರುಗಿ ನೀರನ್ನು ತರಬೇಕಾಗುವುದು. ಕೊಳವೆಯ ಉದ್ದವೂ ಹೆಚ್ಚು, ನೀರಿನ ವೇಗವೂ ಕಡಮೆ, ವಿದ್ಯುತ್ತಿನ ಖರ್ಚೂ ಹೆಚ್ಚು; ಎಲ್ಲಕ್ಕಿಂತ ಮುಖ್ಯವಾಗಿ, ಕಳಚಿಕೊಳ್ಳುವ ಸ್ಥಳಗಳೂ ಅಷ್ಟೇ ಹೆಚ್ಚು. ನೇಗಿಲ ಮೊನೆಗೆ ಸಿಕ್ಕದಷ್ಟು ಆಳದಲ್ಲಿ ಕೊಳವೆಯನ್ನು ಹೂತು, ಬೆಳೆಯಿಲ್ಲದ ಕಾಲದಲ್ಲಿ ಕೆಲಸವನ್ನು ಮುಗಿಸುವುದಾಗಿ ಒಪ್ಪಂದವಾದರೆ ನೆರೆಯವನಿಗೆ ಆಗುವ ನಷ್ಟ ಅಲ್ಪ. ಇಂದು ಇವನು ದಾರಿ ಕೊಟ್ಟರೆ ನಾಳೆ ಅವನೂ ಕೊಡಬೇಕಾಗಿ ಬರುವುದು. ಇಂಥ ಒಪ್ಪಂದಗಳನ್ನು ಬಾಯಿಮಾತಿಗೆ ಬಿಡದೆ ಬರವಣಿಗೆಯಲ್ಲಿ ಮಾಡಿಸಿ ಇಬ್ಬರ ಸಹಿಯನ್ನೂ ಹಾಕಿಸುವುದು ಯಜಮಾನರ ಕರ್ತವ್ಯ. ಒಂದು ನೇರವಾದ ಸಾಲು ಎರಡು ಮನೆತನಗಳ ಹಣವನ್ನೂ ಸ್ನೇಹವನ್ನೂ ಉಳಿಸಬಲ್ಲುದು.

೭. ಬೇಲಿಯ ಮೂಲೆ, ಕೊಳವೆಯ ಮೂಲೆ

ತಿರುವು ಅನಿವಾರ್ಯವಾದಲ್ಲಿ ಏನು ಮಾಡತಕ್ಕದ್ದೆಂಬುದನ್ನು ಈಗ ಹೇಳಬೇಕು.

ತಂತಿಬೇಲಿಯು ಹಗ್ಗದ ಜಾತಿಗೆ ಸೇರಿದುದು. ಒಂದೊಂದು ಎಳೆಯನ್ನೂ ೧೦೦ ಕಿಲೋ ಬಲದಿಂದ ಬಿಗಿದಿದ್ದರೆ ಐದು ಎಳೆಗಳ ಬೇಲಿಯಲ್ಲಿ ಒಟ್ಟು ಎಳೆತ ೫೦೦ ಕಿಲೋ. ಸರಿಯಾದ ಮೂಲೆಯಲ್ಲಿ ಕಂಬದ ಮೇಲೆ ಬೀಳುವ ಹೊರೆ ಸುಮಾರು ೭೦೦ ಕಿಲೋ. ದಿಕ್ಕು ಹೊಲದ ಒಳಕ್ಕೆ. ಸಾಲಿನ ನಡುವಣ ಕಂಬಗಳಿಗೆ ಈ ಹೊರೆಯಿಲ್ಲ. ಹೀಗಿರಲಾಗಿ ಮೂಲೆಗೂ ನಡುವಿಗೂ ಒಂದೇ ಗಾತ್ರದ ಕಲ್ಲುಕಂಬವನ್ನು ಒಂದೇ ಆಳದಲ್ಲಿ ನೆಡುವುದು ಸರಿಯಲ್ಲ. ಮೂಲೆಯ ಕಂಬವು ದಪ್ಪನಾಗಿಯೂ ಗುಂಡಿಯು ಹೆಚ್ಚು ಆಳವಾಗಿಯೂ ಇರತಕ್ಕದ್ದು. ಎರಡು ಸಾಲುಗಳ ಉದ್ದಕ್ಕೂ ಒಂದೊಂದರಂತೆ ಎರಡು ಓರೆಯ ಆಸರೆಕಲ್ಲುಗಳನ್ನು ಮೂಲೆಗಂಬಕ್ಕೆ ಒತ್ತುಕೊಟ್ಟು, ಅವುಗಳ ಬುಡಕ್ಕೆ ಚಪ್ಪಡಿಯನ್ನು ಇಡಬೇಕು. ಕೆಲವರು ಆಸರೆಗೆ ಬದಲಾಗಿ ಹೊರಗಡೆ ಗೂಟವನ್ನು ಹೂತು ತಂತಿಯಿಂದ ಬಿಗಿಯುವರು. ಅದೂ ಹಿಡಿಯುವುದಾದರೂ ಗೂಟವು ದಾರಿಗೋ ನೆರೆಯವನ ಹೊಲಕ್ಕೋ ಹೋಗಿ ವ್ಯಾಜ್ಯಕ್ಕೆ ಕಾರಣವಾಗಬಹುದು. ಎರೆಭೂಮಿಯು ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವುದರಿಂದ ಅಲ್ಲಿ ಕಂಬದ ಸುತ್ತ ಅದೇ ಮಣ್ಣನ್ನು ತುಂಬದೆ, ಗರಸನ್ನೂ ಕಲ್ಲಿನ ಚೂರನ್ನೂ ಪದರಪದರವಾಗಿ ದಿಮ್ಮಿಸುವುದು ಉತ್ತಮ. ಸ್ಥಳಾವಕಾಶವಿದ್ದರೆ ಮೂಲೆಯನ್ನು ಸ್ವಲ್ಪ ಕತ್ತರಿಸಿ, ಒಂದು ಕಂಬಕ್ಕೆ ಬದಲಾಗಿ ಎರಡು ಕಂಬಗಳ ಮೇಲೆ ಬೇಲಿಯನ್ನು ತಿರುಗಿಸಬಹುದು. ಆಗ ಒಂದೊಂದು ಕಂಬದ ಪಾಲು ೭೦೦ರಿಂದ ೩೮೦ ಕಿಲೋಗೆ ಇಳಿಯುವುದು.

ನೀರಿನ ಕೊಳವೆಯಲ್ಲಿ ಲೆಕ್ಕವು ಇದೇ. ದಿಕ್ಕು ಮಾತ್ರ ವಿರುದ್ಧ. ಹಗ್ಗವು ಎಳೆಯುವುದರಿಂದ ತಿರುವನ್ನು ಒಳಕ್ಕೆ ಸೆಳೆಯುವುದು. ನೀರು ಒತ್ತುವುದರಿಂದ ತಿರುವನ್ನು ಹೊರಕ್ಕೆ ನೂಕುವುದು. ೧೧೦ ಮಿಲಿಮೀಟರು ಕೊಳವೆಯಲ್ಲಿ ಚದರ ಸೆಂಟಿಮೀಟರಿಗೆ ೪ ಕಿಲೋ ಒತ್ತಡವಿದ್ದರೆ, ಸರಿಯಾದ ಮೂಲೆಯ ತಿರುವನ್ನು ಹೊರಕ್ಕೆ ನೂಕುವ ಬಲವು ಸುಮಾರು ೫೪೦ ಕಿಲೋ. ಪಂಪನ್ನು ಹಠಾತ್ತಾಗಿ ನಿಲ್ಲಿಸಿದಾಗಲೂ, ಕವಾಟವನ್ನು ಥಟ್ಟನೆ ಮುಚ್ಚಿದಾಗಲೂ ಉಂಟಾಗುವ ನೀರಿನ ಹೊಡೆತದಲ್ಲಿ ಈ ಬಲವು ಇನ್ನೂ ಹೆಚ್ಚುವುದು. ಅಂಟು ಹಾಕಿದ ಕೀಲು ಸ್ವಲ್ಪಮಟ್ಟಿಗೆ ತಡೆಯುವುದು; ರಬ್ಬರ್ ಬಳೆಯ ಕೀಲು ಆಸರೆಯಿಲ್ಲದಿದ್ದರೆ ಜಾರಿ ಕಳಚುವುದು. ಆದಕಾರಣ ತಿರುವಿನ ಹೊರಮಗ್ಗುಲಿನಲ್ಲಿ, ಅಗೆಯದ ಗಟ್ಟಿ ನೆಲಕ್ಕೆ ತಾ್ಗುವಂತೆ ಸಿಮೆಂಟು ಗಾರೆಯ ದಿಂಡನ್ನು ಹಾಕತಕ್ಕದ್ದು. ಸಡಿಲ ಮಣ್ಣಿಗೆ ಒರಗಿಸಿದ ದಿಂಡಿನಿಂದ ಪ್ರಯೋಜನವಿಲ್ಲ. ೯೦ ಡಿಗ್ರಿಯ ಒಂದು ತಿರುವಿಗೆ ಬದಲಾಗಿ, ನಡುವೆ ತುಂಡು ಕೊಳವೆಯನ್ನಿಟ್ಟು ೪೫ ಡಿಗ್ರಿಯ ಎರಡು ತಿರುವುಗಳನ್ನು ಹಾಕಿದರೆ ಒತ್ತಡವೂ ಹಂಚಿಹೋಗುವುದು, ನೀರೂ ಸರಾಗವಾಗಿ ಹರಿಯುವುದು. ಹೂತ ಮಣ್ಣನ್ನು ಮುಚ್ಚುವುದಕ್ಕೆ ಮುಂಚೆ ಒಮ್ಮೆ ಪೂರ್ಣ ಒತ್ತಡದಲ್ಲಿ ನೀರನ್ನು ಹರಿಯಿಸಿ ಪ್ರತಿಯೊಂದು ತಿರುವನ್ನೂ ಪರೀಕ್ಷಿಸತಕ್ಕದ್ದು.

ಮೇಲ್ಕಂಡ ವಿಷಯಗಳನ್ನು ಸಂಗ್ರಹಿಸಿದರೆ ಭೂಮಾಲೀಕರು ನೆನಪಿನಲ್ಲಿಡಬೇಕಾದುವು ನಾಲ್ಕು. ಸಾಧ್ಯವಾದಷ್ಟು ನೆಟ್ಟಗೆ ಹೋಗುವುದು. ತಿರುಗಲೇಬೇಕಾದರೆ ದೊಡ್ಡ ತಿರುವನ್ನು ಸಣ್ಣ ತಿರುವುಗಳಾಗಿ ಹಂಚುವುದು. ಹೊರೆಯು ಯಾವ ಕಡೆಗೆ ಬೀಳುವುದೆಂಬುದನ್ನು, ಹಗ್ಗಕ್ಕೂ ತಂತಿಗೂ ಒಳಕ್ಕೆ, ನೀರಿಗೆ ಹೊರಕ್ಕೆ ಎಂದು ತಿಳಿದು ಆ ದಿಕ್ಕಿಗೆ ಆಸರೆಯನ್ನು ಕೊಡುವುದು. ಹಣವನ್ನು ಮಿಗಿಸಬೇಕಾಗಿ ಬಂದರೆ ನೆಟ್ಟಗಿನ ಸಾಲಿನಲ್ಲಿ ಮಿಗಿಸಬೇಕೇ ಹೊರತು ಮೂಲೆಯಲ್ಲಿ ಮಿಗಿಸಕೂಡದು. ಬರುವ ಬೇಸಗೆಯಲ್ಲಿ ಬೇಲಿಯನ್ನೋ ಕೊಳವೆಯನ್ನೋ ಹಾಕಿಸಬೇಕೆಂದಿರುವವರು ಕಂಬಗಳನ್ನು ಎಣಿಸುವುದಕ್ಕೆ ಮೊದಲು ಮೂಲೆಗಳನ್ನು ಎಣಿಸಲಿ.